ಬೆರೆತರೆ ಕಸ, ಬೇರೆಯಾದರೆ ಸರಕು

(ಸಂಘದ ವಾರ್ಷಿಕ ಸಭೆಯಲ್ಲಿ ಆಲುವದಿಂದ ಬಂದ ಸದಸ್ಯರೊಬ್ಬರು ಮಾಡಿದ ಭಾಷಣ)



ಕೇರಳದ ಆಲುವದಲ್ಲಿ ಹೋಟೆಲು ಕೆಲಸ ಮಾಡಿಕೊಂಡಿರುವ ನನ್ನನ್ನು ಮುಂಬಯಿಯ ಈ ವೇದಿಕೆಗೆ ಕರೆದು, ನಾಲ್ಕು ಉಪಯುಕ್ತ ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಂಬಳದ ವಿಷಯ, ರಜೆಯ ವಿಷಯ, ಪ್ರಾವಿಡೆಂಟ್ ಫಂಡಿನ ವಿಷಯ ಬಲ್ಲವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಆರಿಸಿಕೊಂಡಿರುವುದು ಕಸದ ವಿಷಯ. ಕೆಲವರಿಗೆ ನಗು ಬರಬಹುದು. ಇನ್ನು ಕೆಲವರು ಈಗಲೇ ಮೂಗು ಮುಚ್ಚಿಕೊಳ್ಳಬಹುದು. ದಯವಿಟ್ಟು ಕಿವಿಯನ್ನು ಮಾತ್ರ ಮುಚ್ಚಿಕೊಳ್ಳಬೇಡಿ. ಇದು ನಮ್ಮ ಆರೋಗ್ಯದ ವಿಷಯ, ನಮ್ಮ ಜೇಬಿನ ವಿಷಯ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮಂಥದೇ ಇನ್ನೊಬ್ಬ ಕೆಲಸಗಾರನ ಪ್ರಾಣದ ವಿಷಯ.

ಪೇಟೆಯ ಕಸ ಎಲ್ಲಿಗೆ ಹೋಗುತ್ತದೆ? ದೊಡ್ಡವರ ಬಂಗಲೆಗಳ ಪಕ್ಕಕ್ಕಂತೂ ಹೋಗುವುದಿಲ್ಲ. ಮುಂಬಯಿಯವರಾದ ನಿಮಗೆ ದೇವನಾರ ಗೊತ್ತು. 1927ರಿಂದ ಈ ಮಹಾನಗರದ ಕಸ ಅಲ್ಲಿ ಬಿದ್ದು ಬೆಟ್ಟವಾಯಿತು. 2016ರ ಜನವರಿಯಲ್ಲಿ ಆ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಹೊಗೆ ಕುಡಿದವರು ಗೋವಂಡಿ, ಚೆಂಬೂರುಗಳ ಜನ. ಕಸ ಮಾಡುವವರು ಎಲ್ಲರೂ. ಅದರ ನಾತ, ನೊಣ, ಹೊಗೆ ಸಿಗುವುದು ಬಡವರಿಗೆ. ಕೇರಳದಲ್ಲೂ ಕಥೆ ಇದೇ. ಆದರೆ ಅಲ್ಲಿ ಕಥೆಯ ಮುಂದಿನ ಭಾಗವೂ ಒಂದು ಉಂಟು. ಅದನ್ನು ಹೇಳಲೆಂದೇ ನಾನು ಬಂದಿದ್ದೇನೆ.

ಹೊಳೆ ಹಿಂದಕ್ಕೆ ಕೊಟ್ಟದ್ದು

ಆಲುವ ಪೆರಿಯಾರ್ ನದಿಯ ದಂಡೆಯ ಊರು. ಶಂಕರಾಚಾರ್ಯರು ಹುಟ್ಟಿದರೆನ್ನುವ ಕಾಲಡಿ ಅಲ್ಲಿಂದ ದೂರವಿಲ್ಲ. ನಾರಾಯಣ ಗುರುಗಳು ಅದ್ವೈತಾಶ್ರಮವನ್ನು ಕಟ್ಟಿಸಿ, 1924ರಲ್ಲಿ ಸರ್ವಧರ್ಮ ಸಮ್ಮೇಲನ ನಡೆಸಿದ್ದೂ ಇದೇ ಊರಿನಲ್ಲಿ. ಶಿವರಾತ್ರಿಗೆ ಹೊಳೆಯ ಮಳಲಿನಲ್ಲಿ ಜನ ಕಿಕ್ಕಿರಿದು ಪಿತೃಗಳಿಗೆ ತರ್ಪಣ ಬಿಡುತ್ತಾರೆ. ಕೊಚ್ಚಿ ಪಟ್ಟಣಕ್ಕೆ ಕುಡಿಯುವ ನೀರು ಹೋಗುವುದೂ ಆಲುವದಿಂದಲೇ. ತರ್ಪಣಕ್ಕೂ ಅದೇ ನೀರು, ದಾಹಕ್ಕೂ ಅದೇ ನೀರು.

2018ರ ಆಗಸ್ಟ್ ತಿಂಗಳಲ್ಲಿ ಈ ಪೆರಿಯಾರ್ ಉಕ್ಕಿ ಹರಿಯಿತು. ಆಲುವದಲ್ಲಿ ಮನೆ, ಅಂಗಡಿ, ದೇವಸ್ಥಾನ ಎನ್ನದೆ ನೀರು ನುಗ್ಗಿತು. ನೆರೆ ಇಳಿದ ಮೇಲೆ ಒಂದು ಚಿತ್ರ ಊರೂರಿಗೆ ಹರಿದಾಡಿತು. ನಿಮ್ಮಲ್ಲಿಯೂ ಕೆಲವರು ನೋಡಿರಬಹುದು. ಆಲುವಕ್ಕಿಂತ ಮೇಲೆ, ಮಲಯಾಟ್ಟೂರು ಮತ್ತು ಕೋಡನಾಡುಗಳ ನಡುವೆ ಹೊಳೆಗೆ ಒಂದು ಸೇತುವೆ ಇದೆ. ಆ ಸೇತುವೆಯ ಮೇಲೆಲ್ಲ ಪ್ಲಾಸ್ಟಿಕ್ ಬಾಟಲಿ, ಚೀಲ, ತೊಟ್ಟೆಗಳ ರಾಶಿ. ನಾವು ಕಾಣದಂತೆ ಹೊಳೆಗೆ ಎಸೆದದ್ದನ್ನು ಹೊಳೆ ಎಲ್ಲರೂ ಕಾಣುವಂತೆ ರಸ್ತೆಯ ಮೇಲೆ ತಂದು ಸುರಿದಿತ್ತು. ಸಾಲ ತೀರಿಸಿದ ಹಾಗೆ. 'ಎಸೆದೆವು, ಹೋಯಿತು' ಎನ್ನುತ್ತೇವಲ್ಲ, ಹೋಗುವುದು ಎಂಬ ಜಾಗವೇ ಈ ಭೂಮಿಯ ಮೇಲೆ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ, ನಮ್ಮ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ, ಅಷ್ಟೇ.

ಹನ್ನೆರಡು ದಿನದ ಹೊಗೆ

ಕೊಚ್ಚಿಯ ಕಸಕ್ಕೆ ಬ್ರಹ್ಮಪುರಂ ಎಂಬಲ್ಲಿ ಜಾಗ ಮಾಡಿದ್ದರು. ಆಲುವವೂ ಸೇರಿ ಸುತ್ತಲಿನ ಪುರಸಭೆಗಳ ಕಸವೂ ಅಲ್ಲಿಗೇ ಹೋಗುತ್ತಿತ್ತು. ಮುಸುರೆ, ಎಂಜಲು, ಪ್ಲಾಸ್ಟಿಕ್, ಹರಕು ಚಪ್ಪಲಿ, ಎಲ್ಲವೂ ಒಟ್ಟಿಗೆ ಬಿದ್ದು ವರ್ಷ ವರ್ಷ ಗುಡ್ಡೆ ಬೆಳೆಯಿತು. 2023ರ ಮಾರ್ಚ್ 2ರಂದು ಅದಕ್ಕೆ ಬೆಂಕಿ ಹತ್ತಿತು. ಅಗ್ನಿಶಾಮಕ ದಳದವರು ಹಗಲೂ ರಾತ್ರಿ ನೀರು ಹೊಯ್ದರು. ನೌಕಾಪಡೆಯ ಹೆಲಿಕಾಪ್ಟರುಗಳು ಬಂದು ಮೇಲಿನಿಂದ ನೀರು ಸುರಿದವು. ಯಂತ್ರಗಳಿಂದ ಗುಡ್ಡೆಯನ್ನು ಬಗೆದು ಬಗೆದು ಒಳಗಿನ ಕಿಚ್ಚನ್ನು ಆರಿಸಬೇಕಾಯಿತು. ಹೊಗೆ ಅಡಗಲು ಹನ್ನೆರಡು ದಿನ ಹಿಡಿಯಿತು. ಶಾಲೆಗಳಿಗೆ ರಜೆ ಕೊಟ್ಟರು. ಮುದುಕರು, ಮಕ್ಕಳು ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಅದೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೊಚ್ಚಿ ಮಹಾನಗರಪಾಲಿಕೆಗೆ 100 ಕೋಟಿ ರೂಪಾಯಿ ದಂಡ ವಿಧಿಸಿತು.

ಕಸಕ್ಕೆ ಇಷ್ಟು ಗಟ್ಟಿಯಾದ ಬೆಂಕಿ ಹೇಗೆ ಹಿಡಿಯುತ್ತದೆ? ಅಡಿಗೆಮನೆಯ ಹಸಿಕಸವು ಗಾಳಿಯಾಡದ ಕಡೆ ಕೊಳೆತರೆ ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಪ್ಲಾಸ್ಟಿಕ್ ಎಂಬುದು ಎಣ್ಣೆಯಿಂದಲೇ ಆದ ವಸ್ತು. ಅನಿಲವನ್ನೂ ಎಣ್ಣೆಯನ್ನೂ ಪದರ ಪದರವಾಗಿ ಒಟ್ಟಿದಂತಾಯಿತು. ಕಿಡಿಯೊಂದು ಬೀಳುವುದೇ ತಡ. ಹಸಿಕಸ ಒಂದೇ ಇದ್ದಿದ್ದರೆ ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ ಒಂದೇ ಇದ್ದಿದ್ದರೆ ಗುಜರಿಗೆ ಹೋಗುತ್ತಿತ್ತು. ಎರಡೂ ಬೆರೆತದ್ದೇ ಕೇಡಾಯಿತು. ನನ್ನ ಇವತ್ತಿನ ಮಾತಿನ ತಿರುಳು ಇದೇ: ಬೆರೆತರೆ ಕಸ, ಬೇರೆಯಾದರೆ ಸರಕು.

ಗಿರಣಿ ಕಲಿಸಿದ ಪಾಠ

ಇದು ನನ್ನ ಬುದ್ಧಿಯಿಂದ ಹುಟ್ಟಿದ ಮಾತಲ್ಲ. ಈ ಸಭೆಯಲ್ಲಿರುವ ಗಿರಣಿ ಅಣ್ಣಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವು ಇದ್ದ ಜಾಗದಲ್ಲಿ ಗಾಜಿನ ಗೋಪುರಗಳು ಎದ್ದಿವೆ. ಆದರೆ ಗಿರಣಿ ಕಲಿಸಿದ ಶಿಸ್ತು ನಿಮ್ಮ ಕೈಯಲ್ಲಿ ಇನ್ನೂ ಇದೆ. ಯಾವ ಖಾತೆಯ ವೇಸ್ಟು ಆ ಖಾತೆಯ ಡಬ್ಬಿಗೇ ಬೀಳಬೇಕು, ಅಲ್ಲವೇ? ಕಾರ್ಡಿಂಗಿನ ಹತ್ತಿಯ ಹಗ್ಗ ತುಂಡಾದರೆ, ಅದಕ್ಕೆ ಇನ್ನೂ ಹುರಿ ಬಿದ್ದಿಲ್ಲವಾದ್ದರಿಂದ, ಮೆತ್ತನೆಯ ವೇಸ್ಟೆಂದು ಕೂಡಿಸಿ ಮತ್ತೆ ಬ್ಲೋರೂಮಿಗೆ ಹಾಕುತ್ತಿದ್ದರು. ಅದು ಪುನಃ ನೂಲಾಗುತ್ತಿತ್ತು. ಹುರಿಬಿದ್ದ ನೂಲಿನ ಗಟ್ಟಿ ವೇಸ್ಟು ಯಂತ್ರ ಒರೆಸುವುದಕ್ಕೆ ಹೋಗುತ್ತಿತ್ತು. ನೆಲ ಗುಡಿಸಿದ್ದು ಬೇರೆ ಗೋಣಿಗೆ. ಎಲ್ಲಕ್ಕೂ ತೂಕ, ಎಲ್ಲಕ್ಕೂ ಗಿರಾಕಿ. ಗುಡಿಸಿದ ಧೂಳು ಮೆತ್ತನೆಯ ಹತ್ತಿಗೆ ಬೆರೆತರೆ ಮಾತ್ರ ಎರಡೂ ಕೆಲಸಕ್ಕೆ ಬಾರದೆ ಹೋಗುತ್ತಿದ್ದವು.

ಹೋಟೆಲಿನಲ್ಲೂ ಹಾಗೆಯೇ. ತೆಂಗಿನ ಗೆರಟೆಯನ್ನು ಯಾರೂ ಸಾಂಬಾರಿನ ಮುಸುರೆಗೆ ಎಸೆಯುವುದಿಲ್ಲ. ಎಣ್ಣೆಯ ತಗಡಿನ ಡಬ್ಬಿ ಒಂದು ಕಡೆ, ರಟ್ಟಿನ ಪೆಟ್ಟಿಗೆ ಒಂದು ಕಡೆ, ಹಾಲಿನ ತೊಟ್ಟೆ ತೊಳೆದು ಒಂದು ಕಡೆ. ಎಂಜಲನ್ನು ಹಂದಿ ಸಾಕುವವರು ಒಯ್ಯುತ್ತಾರೆ. ಕರಿದು ಕಪ್ಪಾದ ಎಣ್ಣೆಯನ್ನು ಮೋರಿಗೆ ಬಿಡದೆ ಡೀಸೆಲ್ ಮಾಡುವವರಿಗೆ ಕೊಡುವ ಏರ್ಪಾಡು 2018ರಿಂದ ದೇಶದಲ್ಲೇ ಬಂದಿದೆ. ಹೀಗೆ ಮಾಲಿಕರ ಜಾಗದಲ್ಲಿ ಇಷ್ಟೊಂದು ಲೆಕ್ಕವಾಗಿ ನಡೆದುಕೊಳ್ಳುವ ನಾವು, ಖೋಲಿಗೆ ಬಂದ ಮೇಲೆ ಅನ್ನದ ಅಗುಳು, ಬ್ಲೇಡು, ಮಗುವಿನ ಡಯಾಪರು, ಔಷಧದ ಸೀಸೆ ಎಲ್ಲವನ್ನೂ ಒಂದೇ ತೊಟ್ಟೆಗೆ ತುಂಬಿ ಗಂಟು ಹಾಕಿ ಇಡುತ್ತೇವೆ. ಮಾಲಿಕರಿಗೆ ಲಾಭವಾಗುವ ಜ್ಞಾನ ನಮ್ಮ ಮನೆಗೆ ಏಕೆ ಬೇಡ?

ಬಾಗಿಲಿಗೆ ಬರುವ ಅಕ್ಕಂದಿರು

ತಿರುವನಂತಪುರದ ಕಸಕ್ಕೆ ವಿಳಪ್ಪಿಲ್‌ಶಾಲ ಎಂಬ ಹಳ್ಳಿಯಲ್ಲಿ 2000ರಲ್ಲಿ ಒಂದು ಘಟಕ ಆರಂಭವಾಯಿತು. ಪೇಟೆಯವರಿಗೆ ಚೊಕ್ಕಟ, ಹಳ್ಳಿಯವರಿಗೆ ನಾತ. ಬಾವಿಯ ನೀರು ಕೆಟ್ಟಿತು, ಆ ಊರಿಗೆ ಹೆಣ್ಣು ಕೊಡಲು ಜನ ಹಿಂದೆಗೆದರು ಎಂದು ಹಳ್ಳಿಯವರು ದೂರಿದರು. ಬಹಳ ಕಾಲ ಹೋರಾಡಿ ಕೊನೆಗೆ 2011ರ ಡಿಸೆಂಬರಿನಲ್ಲಿ ಅಲ್ಲಿಯ ಪಂಚಾಯತು ಘಟಕಕ್ಕೆ ಬೀಗ ಜಡಿಯಿತು. ರಾಜಧಾನಿಯ ಕಸಕ್ಕೆ ಹೋಗುವ ದಾರಿಯೇ ಇಲ್ಲವಾಯಿತು. ಆಲಪ್ಪುಳದಲ್ಲಿಯೂ ಅದೇ ಹೊತ್ತಿಗೆ ಸರ್ವೋದಯಪುರಂ ಎಂಬಲ್ಲಿಯ ಜನ ಕಸದ ಲಾರಿಗಳನ್ನು ತಡೆದರು.

ಕಸ ಹೊರಗೆ ಹೋಗದೆ ನಿಂತಾಗ ಜನಕ್ಕೆ ಬುದ್ಧಿ ಒಳಗೆ ಬಂತು. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳೆಯುವಂಥದ್ದು. ಅದನ್ನು ಹುಟ್ಟಿದಲ್ಲಿಯೇ ಮುಗಿಸಿದರೆ ಉಳಿದದ್ದು ನಾರುವುದಿಲ್ಲ. ಆಲಪ್ಪುಳದಲ್ಲಿ 2012ರಿಂದ ಮನೆಮನೆಗೆ ಗೊಬ್ಬರದ ಕೊಳವೆ, ಸಣ್ಣ ಗೋಬರ್ ಗ್ಯಾಸಿನಂಥ ತೊಟ್ಟಿ ಕೊಟ್ಟರು. ಕೊಳವೆಯ ಉಪಾಯ ಬಲು ಸುಲಭ: ಎರಡು ಅಗಲವಾದ ಪೈಪುಗಳನ್ನು ನೆಲದಲ್ಲಿ ನಿಲ್ಲಿಸುವುದು, ಒಂದು ತುಂಬಿದ ಮೇಲೆ ಇನ್ನೊಂದು, ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಗೊಬ್ಬರವಾಗಿರುತ್ತದೆ. ಅಂಗಳವಿಲ್ಲದವರಿಗೆ ಬೀದಿಯ ಬದಿಯಲ್ಲಿ ತುಂಬೂರ್‌ಮುಳಿ ಮಾದರಿಯ ಗಾಳಿಗೂಡುಗಳನ್ನು ಕಟ್ಟಿದರು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ, ಸಂದು ಬಿಟ್ಟು ಕಟ್ಟಿದ ಪೆಟ್ಟಿಗೆ. ಅದರಲ್ಲಿ ಒಂದು ಪದರ ಸಗಣಿ, ಒಂದು ಪದರ ತರಗೆಲೆ, ಒಂದು ಪದರ ಹಸಿಕಸ. ಗಾಳಿಯಾಡುವುದರಿಂದ ನಾತವಿಲ್ಲ, ಒಳಗೆ ಕಾವೇರಿ ಹುಳುವಿನ ಮೊಟ್ಟೆ ಸಾಯುತ್ತದೆ, ತುಂಬಿದ ಮೇಲೆ ಸುಮಾರು ಮೂರು ತಿಂಗಳಿಗೆ ಗೊಬ್ಬರ. ನಮ್ಮ ಅಜ್ಜಂದಿರ ಹಟ್ಟಿಗೊಬ್ಬರವೇ ಪೇಟೆಗೆ ಅಂಗಿ ತೊಟ್ಟು ಬಂದ ಹಾಗೆ. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಜಪಾನಿನ ಒಸಾಕಾ ಮುಂತಾದ ಐದು ಮಾದರಿ ನಗರಗಳ ಸಾಲಿನಲ್ಲಿ ಆಲಪ್ಪುಳವನ್ನೂ ಹೆಸರಿಸಿತು.

ಇನ್ನು ಒಣಕಸ. ಇದಕ್ಕೆ ಕೇರಳದಲ್ಲಿ ಹರಿತ ಕರ್ಮ ಸೇನೆ ಎಂಬ ಹೆಂಗಸರ ಪಡೆ ಇದೆ. ಕಾಸರಗೋಡು, ಮಂಜೇಶ್ವರದ ಕಡೆಯಿಂದ ಬಂದವರಿಗೆ ಇವರ ಗುರುತು ಉಂಟು. ಹಸಿರು ಕೋಟು ತೊಟ್ಟು, ಸಾಮಾನ್ಯವಾಗಿ ಒಂದು ವಾರ್ಡಿಗೆ ಇಬ್ಬರಂತೆ ಮನೆಮನೆಗೆ ಬರುತ್ತಾರೆ. ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕನ್ನು ಒಯ್ಯುತ್ತಾರೆ. ಗಾಜು, ಹಳೆ ಬಟ್ಟೆ, ಚಪ್ಪಲಿ, ಕೆಟ್ಟ ಬಲ್ಬು ಇವಕ್ಕೆ ಬೇರೆ ಬೇರೆ ತಿಂಗಳು ಗೊತ್ತು ಮಾಡಿದ್ದಾರೆ. ಒಯ್ದದ್ದನ್ನು ಮತ್ತೆ ಜಾತಿವಾರು ಮಾಡಿ, ಮಾರಲು ಬರುವುದನ್ನು ಮಾರಿ, ಬಾರದ್ದನ್ನು ಪುಡಿಮಾಡಿ ಡಾಮರು ರಸ್ತೆಗೋ ಸಿಮೆಂಟು ಕಾರ್ಖಾನೆಯ ಒಲೆಗೋ ಕಳಿಸುತ್ತಾರೆ. ಹಳ್ಳಿಗಳಲ್ಲಿ ಮನೆಯೊಂದಕ್ಕೆ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ, ಪೇಟೆಗಳಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಇಡೀ ರಾಜ್ಯದಲ್ಲಿ 30,000ಕ್ಕೂ ಹೆಚ್ಚು ಹೆಂಗಸರಿಗೆ ಇದು ದುಡಿಮೆ. 'ನಮ್ಮ ಪ್ಲಾಸ್ಟಿಕನ್ನೂ ಕೊಟ್ಟು ಮೇಲಿಂದ ದುಡ್ಡನ್ನೂ ಕೊಡಬೇಕೇ?' ಎಂದು ಮೊದಮೊದಲು ಬಾಗಿಲು ಹಾಕಿಕೊಂಡವರು ಬಹಳ. ಬಿಸಿಲಲ್ಲಿ ನಿಂತು ಆ ಅಕ್ಕಂದಿರು ತಾಳ್ಮೆಯಿಂದ ಕೊಟ್ಟ ಉತ್ತರ ಒಂದೇ: ಇದು ಪ್ಲಾಸ್ಟಿಕ್ಕಿನ ಬೆಲೆಯಲ್ಲ, ನಮ್ಮ ಕೂಲಿ.

ಇವರ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯ ಹನ್ನೊಂದು ಮಂದಿ ಸೇನೆಯ ಹೆಂಗಸರು ಕೂಡಿ 250 ರೂಪಾಯಿನ ಒಂದು ಲಾಟರಿ ಚೀಟಿ ಕೊಂಡರು. ಒಂಬತ್ತು ಮಂದಿ 25 ರೂಪಾಯಿಯಂತೆ ಹಾಕಿದರು. ಅಷ್ಟೂ ಇಲ್ಲದ ಇಬ್ಬರು ಸೇರಿ ಒಂದು ಪಾಲು ಕೊಟ್ಟರು. ಆ ಚೀಟಿಗೆ 10 ಕೋಟಿಯ ಬಹುಮಾನ ಬಂತು. ದೇಶವೆಲ್ಲ ಅವರ ಚಿತ್ರ ಅಚ್ಚಾಯಿತು. ಅವರು ಹೇಳಿದ್ದೇನು? 'ನಾವು ಈ ಕೆಲಸ ಬಿಡುವುದಿಲ್ಲ' ಎಂದರು. ಲಾಟರಿ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಲಾಟರಿಯಿಂದ ಮನೆ ಕೆಟ್ಟವರೇ ಹೆಚ್ಚು. ಇಪ್ಪತ್ತೈದು ರೂಪಾಯಿಗೂ ತತ್ವಾರವಿದ್ದವರು ಆ ಕೆಲಸವನ್ನು ಕೀಳೆಂದು ಎಣಿಸಲಿಲ್ಲ ಎಂಬುದನ್ನು ಮಾತ್ರ ಗಮನಿಸಿ.

ಒಬ್ಬ ಕಾರ್ಮಿಕನ ಪ್ರಾಣ

ಆದರೆ ಕೇರಳವೂ ಗೆದ್ದು ಮುಗಿಸಿಲ್ಲ. 2024ರ ಜುಲೈ 13ರಂದು ತಿರುವನಂತಪುರದಲ್ಲಿ ಆಮಯಿಳಂಜಾನ್ ತೋಡು ಎಂಬ ಕಾಲುವೆಯನ್ನು ಶುಚಿ ಮಾಡಲು ಕೆಲವು ಗುತ್ತಿಗೆ ಕೂಲಿಗಳು ಇಳಿದರು. ರೈಲು ನಿಲ್ದಾಣದ ಅಡಿಯಲ್ಲಿ ಸುರಂಗದಂತೆ ಹಾಯುವ ಕಾಲುವೆ ಅದು. ಪ್ಲಾಸ್ಟಿಕ್ ಬಾಟಲಿ, ತೊಟ್ಟೆ, ಕೊಳೆತ ಕಸ ಒಳಗೆ ಗೋಡೆಯಂತೆ ಕಟ್ಟಿಕೊಂಡಿತ್ತು. ಮಳೆ ಬಂದು ನೀರು ಏರಿತು. ಒಬ್ಬ ಕಾರ್ಮಿಕ ಕೊಚ್ಚಿಹೋದ. ಮುಳುಗುಗಾರರು ಆ ಕತ್ತಲೆಯಲ್ಲಿ ನೀರನ್ನು ಸೀಳಲಿಲ್ಲ, ಕಸವನ್ನು ಸೀಳಿಕೊಂಡು ಹುಡುಕಬೇಕಾಯಿತು. ಮೂರನೆಯ ದಿನ ಅವನ ಹೆಣ ಕಾಲುವೆಯ ಮುಂದಿನ ಭಾಗದಲ್ಲಿ ತೇಲಿಬಂತು.

ಬಂಧುಗಳೇ, ಆ ಕಾಲುವೆಗೆ ಕಸ ಹಾಕಿದವನು ಯಾರು? ಒಬ್ಬನಲ್ಲ. ಚಹಾ ಕುಡಿದು ಲೋಟ ಎಸೆದವನು ಒಬ್ಬ, ಬಾಟಲಿ ಎಸೆದವನು ಒಬ್ಬ, ರಾತ್ರಿ ಹೊತ್ತು ಅಂಗಡಿಯ ಚೀಲ ತಂದು ಸುರಿದವನು ಇನ್ನೊಬ್ಬ. ಯಾರ ಹೆಸರೂ ಯಾವ ದಾಖಲೆಯಲ್ಲೂ ಇಲ್ಲ. ಪ್ರಾಣ ಕೊಟ್ಟವನು ಮಾತ್ರ ದಿನಗೂಲಿಯ ಮನುಷ್ಯ. ಕಾರ್ಮಿಕರ ಸಂಘದ ವೇದಿಕೆಯಲ್ಲಿ ಕಸದ ಮಾತು ಏಕೆ ಎಂದು ಇನ್ನೂ ಯಾರಾದರೂ ಕೇಳುವುದಿದ್ದರೆ, ನನ್ನ ಉತ್ತರ ಇದೇ. ಗುತ್ತಿಗೆದಾರರಿಂದ ಸುರಕ್ಷೆಯ ಸಾಧನ ಕೇಳುವುದು ನಮ್ಮ ಹಕ್ಕು; ಮೋರಿಗೆ ತೊಟ್ಟೆ ಎಸೆಯದಿರುವುದು ನಮ್ಮ ಕರ್ತವ್ಯ. ಒಂದನ್ನು ಬಿಟ್ಟು ಇನ್ನೊಂದು ಇಲ್ಲ.

ಕೆಸರಿನಿಂದ ಎದ್ದ ಗೊಂಬೆ

ಬೇರೆ ಮಾಡುವುದು ಮೊದಲ ಮೆಟ್ಟಿಲು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸುವುದು ಎರಡನೆಯದು. ಇದಕ್ಕೆ ಆಲುವದ ಕಡೆಯ ಒಂದು ಉದಾಹರಣೆ ಹೇಳುತ್ತೇನೆ. ನೂಲಿನ ವಾಸನೆ ಬಲ್ಲ ನಿಮಗೆ ಇದು ಹಿಡಿಸೀತು.

ಆಲುವಕ್ಕೆ ಸಮೀಪದಲ್ಲಿ ಚೇಂದಮಂಗಲಂ ಎಂಬ ನೇಕಾರರ ಊರಿದೆ. 2018ರ ನೆರೆ ಬಂದದ್ದು ಸರಿಯಾಗಿ ಓಣಂ ಹಬ್ಬದ ಮುಂಚೆ. ವರ್ಷದ ವ್ಯಾಪಾರವೆಲ್ಲ ಆಗುವ ಕಾಲ. ನೇಯ್ದು ಮಡಿಸಿಟ್ಟಿದ್ದ ಕೈಮಗ್ಗದ ಸೀರೆಗಳೆಲ್ಲ ಕೆಸರಿನಲ್ಲಿ ನೆನೆದವು. ತೊಳೆದರೂ ಕಲೆ ಹೋಗಲಿಲ್ಲ. ಸುಡುವುದೊಂದೇ ಉಳಿದ ದಾರಿ ಎನ್ನುವಂತಾಯಿತು. ಆಗ ಲಕ್ಷ್ಮೀ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬವರು ಒಂದು ಉಪಾಯ ಹೂಡಿದರು. ಆ ಬಟ್ಟೆಯನ್ನು ಕ್ಲೋರಿನ್ ಹಾಕಿ ಕುದಿಸಿ ಶುಚಿಮಾಡಿ, ತುಂಡುಗಳಾಗಿ ಕತ್ತರಿಸಿ, ದಾರದಿಂದ ಕಟ್ಟಿ ಸಣ್ಣ ಗೊಂಬೆ ಮಾಡುವುದು. 'ಚೇರು' ಎಂದರೆ ಕೆಸರು. ಗೊಂಬೆಗೆ 'ಚೇಕುಟ್ಟಿ' ಎಂದು ಹೆಸರಿಟ್ಟರು, ಕೆಸರಿನ ಕೂಸು. ಕಲೆಯನ್ನು ಮುಚ್ಚಲಿಲ್ಲ, ಕಲೆಯೇ ಅದರ ಗುರುತಾಯಿತು. ಸುಮಾರು ಸಾವಿರದ ಮುನ್ನೂರು, ಸಾವಿರದ ಐನೂರು ರೂಪಾಯಿ ಬಾಳುತ್ತಿದ್ದ ಒಂದು ಸೀರೆಯಿಂದ 360 ಗೊಂಬೆ. ಒಂದಕ್ಕೆ 25 ರೂಪಾಯಿಯಂತೆ 9,000 ರೂಪಾಯಿ. ಕಾಲೇಜು ಹುಡುಗಿಯರು, ಮನೆಯ ಹೆಂಗಸರು, ದೂರದೂರಿನವರು ಕೂಲಿಯಿಲ್ಲದೆ ಕುಳಿತು ಗೊಂಬೆ ಕಟ್ಟಿಕೊಟ್ಟರು. ಹಣ ನೇಕಾರರಿಗೆ ಹೋಯಿತು. ಮಗ್ಗಗಳು ಮತ್ತೆ ಸದ್ದು ಮಾಡಿದವು.

ಇನ್ನೊಂದು. ತಿರುವನಂತಪುರದ ಆಟ್ಟುಕಾಲ್ ಭಗವತಿಯ ಪೊಂಗಾಲೆಗೆ ಲಕ್ಷ ಲಕ್ಷ ಹೆಂಗಸರು ಬಂದು ಬೀದಿಬೀದಿಯಲ್ಲಿ ಇಟ್ಟಿಗೆಯ ಒಲೆ ಹೂಡಿ ಮಣ್ಣಿನ ಮಡಕೆಯಲ್ಲಿ ಪಾಯಸ ಬೇಯಿಸುತ್ತಾರೆ. ಸಂಜೆಗೆ ಅವರು ಹೋದ ಮೇಲೆ ಊರೆಲ್ಲ ಇಟ್ಟಿಗೆ. ಮಹಾನಗರಪಾಲಿಕೆಯವರು ಆ ಇಟ್ಟಿಗೆಗಳನ್ನು ಕೂಡಿಸಿ ಬಡವರ ಮನೆ ಕಟ್ಟಲು ಕೊಡುವ ಪದ್ಧತಿ ಹಾಕಿದರು. ದೇವಿಗೆ ಪಾಯಸ ಬೇಯಿಸಿದ ಒಲೆಯ ಕಲ್ಲೇ ಒಬ್ಬ ಬಡವನ ಗೋಡೆಯಾಯಿತು. ಇದಕ್ಕಿಂತ ದೊಡ್ಡ ಪ್ರಸಾದ ಯಾವುದು?

ಇದೆಲ್ಲ ನಮಗೆ ಹೊಸದೇನೂ ಅಲ್ಲ. ನಮ್ಮ ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆ, ಧೋತರಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ಕರಾವಳಿಯಲ್ಲಿ ಗೆರಟೆ ಸೌಟಾಗುತ್ತದೆ, ಅಡಿಕೆಯ ಹಾಳೆ ತಲೆಗೆ ಮುಟ್ಟಾಳೆಯಾಗುತ್ತದೆ. ಮುಂಬಯಿಯ ಚಾಳುಗಳಲ್ಲಿ ಹಳೆ ಬಟ್ಟೆ ಕೊಟ್ಟು ಪಾತ್ರೆ ಕೊಳ್ಳದ ತಾಯಿ ಇದ್ದಳೇ? ಬಡತನ ಕಲಿಸಿದ್ದ ಈ ಜಾಣತನವನ್ನು ಅಗ್ಗದ ಪ್ಲಾಸ್ಟಿಕ್ ಬಂದು ಮರೆಸಿತು. ನಮ್ಮ ಬೆಂಗಳೂರಿನವರೂ ಮಂಡೂರಿನ ಹಳ್ಳಿಯವರು ಕಸದ ಲಾರಿಗಳಿಗೆ ಎದುರು ನಿಂತ ಮೇಲೆಯೇ ಈ ಪಾಠವನ್ನು ಓದಿದ್ದು. 2015ರ ಡಿಸೆಂಬರಿನಲ್ಲಿ ಅಲ್ಲಿ ಉಚ್ಚ ನ್ಯಾಯಾಲಯವು ಎರಡು ಬುಟ್ಟಿ, ಒಂದು ಚೀಲ ಎಂದು ಮನೆಗಳಿಗೆ ಕಟ್ಟು ಮಾಡಿತು.

ನಮ್ಮ ಚಾಳಿನಲ್ಲಿ ಏನು ಸಾಧ್ಯ?

ಕೇಳಿ ಚಪ್ಪಾಳೆ ತಟ್ಟಿ ಹೋದರೆ ಫಲವಿಲ್ಲ. ಆದ್ದರಿಂದ ಐದು ಸೂಚನೆಗಳನ್ನು ಸಂಘದ ಮುಂದಿಡುತ್ತೇನೆ.

ಮೊದಲನೆಯದು: ಪ್ರತಿಯೊಂದು ಖೋಲಿಯಲ್ಲೂ ಹಸಿಗೊಂದು ಡಬ್ಬಿ, ಒಣದ್ದಕ್ಕೊಂದು ಚೀಲ. ಚೀಲವನ್ನು ಮೊಳೆಗೆ ತೂಗುಹಾಕಿದರೆ ಜಾಗವೇ ಬೇಡ. ಹಾಲಿನ ತೊಟ್ಟೆಯನ್ನು ಒಂದು ಸಲ ನೀರಾಡಿಸಿ ಒಣಗಿಸಿ ಹಾಕಿದರೆ ನೊಣ ಬಾರದು, ಭಂಗಾರದವನು ಒಳ್ಳೆಯ ದರವನ್ನೂ ಕೊಡುತ್ತಾನೆ.

ಎರಡನೆಯದು: ಒಡೆದ ಗಾಜು, ಬ್ಲೇಡು, ಸೂಜಿ, ಡಯಾಪರು, ಹೆಂಗಸರ ಬಟ್ಟೆ ಇವನ್ನು ಕಾಗದದಲ್ಲಿ ಸುತ್ತಿ ಬೇರೆಯೇ ಕೊಡುವುದು. ಇದಕ್ಕೆ ಕಾಸಿನ ಖರ್ಚಿಲ್ಲ. ಕಸ ಎತ್ತುವವನ ಕೈ ಉಳಿಯುತ್ತದೆ. ಅವನ ಕೈಗೂ ನಮ್ಮ ಕೈಯಷ್ಟೇ ಬೆಲೆ.

ಮೂರನೆಯದು: ಚಾಳಿನ ಗಚ್ಚಿಯ ಮೇಲೆ ಅಥವಾ ಹಿತ್ತಲಿನ ಮೂಲೆಯಲ್ಲಿ ಕೂಡುಗೊಬ್ಬರ. ಬಣ್ಣದ ಹಳೆಯ ಬಕೆಟುಗಳ ಮೈಗೆ ತೂತು ಕೊರೆದು, ಅಡಿಗೆ ತೆಂಗಿನ ನಾರು ಅಥವಾ ತರಗೆಲೆ ಹಾಕಿ, ಅದರ ಮೇಲೆ ತರಕಾರಿ ಸಿಪ್ಪೆ, ಚಹಾದ ಚರಟ. ಮೇಲೆ ಮತ್ತೆ ತರಗೆಲೆ. ಒಂದಿಷ್ಟು ಹುಳಿಮಜ್ಜಿಗೆ ಚಿಮುಕಿಸಿದರೆ ಬೇಗ ಕಳಿಯುತ್ತದೆ. ವಾರಕ್ಕೊಮ್ಮೆ ಕೈಯಾಡಿಸಬೇಕು. ನಾತ ಬಂದರೆ ನೀರು ಹೆಚ್ಚಾಯಿತೆಂದು ಅರ್ಥ. ಇನ್ನಷ್ಟು ಒಣ ಎಲೆ ಹಾಕಿದರೆ ಸರಿಹೋಗುತ್ತದೆ. ಎರಡು ಮೂರು ತಿಂಗಳಿಗೆ ತುಳಸಿಕಟ್ಟೆಗೆ, ಕರಿಬೇವಿನ ಕುಂಡಕ್ಕೆ ಗೊಬ್ಬರ ಸಿದ್ಧ.

ನಾಲ್ಕನೆಯದು: ಸಂಘಕ್ಕೊಂದು ಪಾತ್ರೆ ಭಂಡಾರ. ನಮ್ಮ ಸತ್ಯನಾರಾಯಣ ಪೂಜೆ, ಯಕ್ಷಗಾನ, ರಾಜ್ಯೋತ್ಸವ, ಮದುವೆ, ಎಲ್ಲದರ ಮರುದಿನ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟಗಳ ರಾಶಿ. 2015ರ ರಾಷ್ಟ್ರೀಯ ಕ್ರೀಡಾಕೂಟ ಕೇರಳದಲ್ಲಿ ನಡೆದಾಗ ಎಸೆಯುವ ತಟ್ಟೆ ಲೋಟಗಳನ್ನು ದೂರವಿಡುವ ಕಟ್ಟುಪಾಡು ತಂದರು. ಮುಂದೆ ಅದೇ ಮದುವೆಗಳಿಗೂ ಹಬ್ಬಿತು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲು ತಟ್ಟೆ ಲೋಟ ಕೊಡುವ ಭಂಡಾರವನ್ನೇ ನಡೆಸುತ್ತಾರೆ. ವಂತಿಗೆ ಎತ್ತಿ ನಾವೂ ಕೊಂಡಿಟ್ಟರೆ ಯಾವ ಸದಸ್ಯನ ಮನೆಯ ಕಾರ್ಯಕ್ಕೂ ಒದಗುತ್ತದೆ. ತೊಳೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ದಿನವೂ ನೂರಾರು ತಟ್ಟೆ ತೊಳೆದು ಈ ಮಹಾನಗರವನ್ನು ಸಾಕಿದ ಜಾತಿ ನಮ್ಮದು. ನಮ್ಮದೇ ಹಬ್ಬದ ತಟ್ಟೆ ನಮಗೆ ಭಾರವೇ? ಸರದಿಯಂತೆ ಗಂಡಸರು ತೊಳೆಯಲಿ.

ಐದನೆಯದು: ಜೂನ್ ತಿಂಗಳ ಮೊದಲು ಒಂದು ಭಾನುವಾರ ಕೊಡು-ಕೊಳ್ಳುವ ಸಂತೆ. ಪಾಸಾದ ಮಗುವಿನ ಪಠ್ಯಪುಸ್ತಕ, ಚಿಕ್ಕದಾದ ಸಮವಸ್ತ್ರ, ಬಳಸದ ಪಾತ್ರೆ ಇವನ್ನು ಸಂಘದ ಕೋಣೆಯಲ್ಲಿ ಇಡುವುದು, ಬೇಕಾದವರು ಒಯ್ಯುವುದು. ಕೊಟ್ಟವರ ಹೆಸರು, ತೆಗೆದುಕೊಂಡವರ ಹೆಸರು ಬರೆಯುವುದು ಬೇಡ. ಮಾನ ಎಲ್ಲರಿಗೂ ಒಂದೇ.

ಎರಡು ಆಕ್ಷೇಪಣೆಗಳು

'ನಾವು ಬೇರೆ ಮಾಡಿ ಕೊಟ್ಟರೂ ಲಾರಿಯವರು ಮತ್ತೆ ಬೆರೆಸುತ್ತಾರಲ್ಲ' ಎಂಬುದು ಮೊದಲನೆಯ ಆಕ್ಷೇಪಣೆ. ಸುಳ್ಳಲ್ಲ, ಹಲವು ಕಡೆ ಹಾಗೆ ನಡೆಯುತ್ತದೆ. ಅದಕ್ಕಾಗಿಯೇ ಸಂಘ ಬೇಕಾದದ್ದು. ಕಸವನ್ನು ಮೂಲದಲ್ಲಿ ಬೇರ್ಪಡಿಸಬೇಕೆಂದೂ ಬೇರೆ ಬೇರೆಯಾಗಿಯೇ ಒಯ್ಯಬೇಕೆಂದೂ 2016ರ ಕೇಂದ್ರದ ನಿಯಮಗಳೇ ಹೇಳಿದವು. ಬೆರೆಸಿ ಕೊಡುವವನಿಗೆ ಲಾರಿಯವನನ್ನು ಕೇಳುವ ಬಾಯಿಲ್ಲ. ಬೇರೆ ಮಾಡಿ ಕೊಡುವವನಿಗೆ ಉಂಟು. ಐವತ್ತು ಖೋಲಿಯ ಚಾಳು ಒಟ್ಟಾಗಿ ಅರ್ಜಿ ಬರೆದರೆ ವಾರ್ಡಿನ ಅಧಿಕಾರಿ ಓದಲೇಬೇಕು.

'ದೊಡ್ಡ ಕಂಪೆನಿಗಳು ಟನ್ನುಗಟ್ಟಲೆ ಪ್ಲಾಸ್ಟಿಕ್ ಮಾಡುತ್ತಿರುವಾಗ ನಮ್ಮ ಒಂದು ತೊಟ್ಟೆಯಿಂದ ಏನಾದೀತು' ಎಂಬುದು ಎರಡನೆಯದು. ಕಂಪೆನಿಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಮಾಡಿದವರೇ ಹಿಂದಕ್ಕೆ ಕೂಡಿಸಬೇಕೆಂಬ ಕಾನೂನನ್ನು ಬಿಗಿಯಾಗಿ ನಡೆಸಲೆಂದು ನಾವು ಕೂಗಬೇಕು. ಆದರೆ ಮೋರಿ ಕಟ್ಟಿ ನೀರು ಹೊಕ್ಕುವುದು ನಮ್ಮ ಖೋಲಿಗೆ, ಕಂಪೆನಿಯ ಕಛೇರಿಗೆ ಅಲ್ಲ. ನೆಗಡಿಯಾದದ್ದು ನಮಗಾದರೆ ಮೂಗು ಒರೆಸಿಕೊಳ್ಳಬೇಕಾದವರೂ ನಾವೇ.

ಬಂಧುಗಳೇ, ಎಂಟು ಗಂಟೆಯ ದುಡಿಮೆ, ವಾರದ ರಜೆ, ಇವನ್ನೆಲ್ಲ ನಮ್ಮ ಹಿರಿಯರು ಒಬ್ಬೊಬ್ಬರಾಗಿ ಬೇಡಿ ಪಡೆಯಲಿಲ್ಲ. ಕೂಡಿ ಕೇಳಿ ಪಡೆದರು. ಕಸದ ಕೆಲಸವೂ ಕೂಡಿಯೇ ಆಗತಕ್ಕದ್ದು. ಇಂದು ಎಲ್ಲ ಚಾಳುಗಳಲ್ಲೂ ಬೇಡ. ಒಂದು ಚಾಳು, ಒಂದು ಮಹಡಿ, ಮೂರು ತಿಂಗಳು ಮಾಡಿ ನೋಡೋಣ. ಎಷ್ಟು ಕಿಲೋ ಒಣಕಸ ಮಾರಿತು, ಎಷ್ಟು ಗೊಬ್ಬರ ಆಯಿತು, ಲಾರಿಗೆ ಹಾಕುವ ಚೀಲ ಎಷ್ಟು ಕಡಿಮೆಯಾಯಿತು ಎಂದು ಬರೆದಿಟ್ಟು ನಮ್ಮ ಈ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸೋಣ. ಲೆಕ್ಕ ಸರಿಯಿದ್ದರೆ ಮುಂದಿನ ಮಹಡಿಯವರು ತಾವಾಗಿಯೇ ಕೇಳಿಕೊಂಡು ಬರುತ್ತಾರೆ. ಕಾರ್ಯಕಾರಿ ಸಮಿತಿಯವರು ಈ ಸೂಚನೆಗಳನ್ನು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ.

 ಹೊರಗೆ ಚಹಾ ಸಿದ್ಧವಾಗಿದೆ. ಸ್ಟೀಲು ಲೋಟದಲ್ಲಿಯೇ ಕೊಡಬೇಕೆಂದು ಕಾರ್ಯದರ್ಶಿಗಳನ್ನು ಮೊದಲೇ ಕೇಳಿಕೊಂಡಿದ್ದೇನೆ. ಕುಡಿದವರು ದಯವಿಟ್ಟು ತಮ್ಮ ತಮ್ಮ ಲೋಟ ತೊಳೆದಿಟ್ಟು ಹೋಗಬೇಕು.